ಮಸಿ ಹತ್ತದ ಅರಿವೆ

ದ್ರಾಕ್ಷಾಯಣಿ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆಕೊಳವೆಯ ಬಾಯಿ ಒರೆಸುತ್ತಿದ್ದಳು. ಅರಿವೆಯ ತುದಿಯನ್ನು ಬೆರಳಿಗೆ ಸುತ್ತಿ ಕೊಳವೆಯೊಳಗೆ ಒಮ್ಮೆ ತಿರುವಿದರೆ ಅದು ಕರ್ರಗಾಗಿ ಹೊರಬರುತ್ತಿತ್ತು. ಇನ್ನೊಂದು ತುದಿ ಸುತ್ತುವಳು, ಮತ್ತೆ ತಿರುವುವಳು. ಸದ್ದಾಗದಿರಲೆಂದು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡಿದ್ದಳು. ಬೆನ್ನ ಹಿಂದಿನ ಕಟ್ಟೆಯ ಮೇಲೆ ತಾಯಿ ಹಾಲವ್ವ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಮಲಗಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಇರುಳೆಲ್ಲ ಕೆಮ್ಮಿ ಬೆಳಗಿನ ಜಾವಕ್ಕೆ ಹತ್ತಿದ ನಿದ್ದೆ ಅದು. ಕೆಡಿಸಿದರೆ ಮತ್ತೆ ಬರುವಂಥದ್ದಲ್ಲ.

ಕಾರಿನೊಳಗಿನ ಗಾಜುಫಲಕದಲ್ಲಿ ಹಸಿರು ಅಕ್ಷರಗಳು ಮಿನುಗುತ್ತಿದ್ದವು. ‘ನವೀಕರಣ ಸಿದ್ಧವಿದೆ. ಒಪ್ಪುವಿರಾ?’ ಕೆಳಗೆ ಎರಡು ಗುಂಡಿ: ‘ಹೌದು’, ‘ಈಗ ಬೇಡ’. ಬಾಡಿಗೆಗೆ ಕಾರು ಓಡಿಸುವ ಅಣ್ಣ ಮೈಲಾರಪ್ಪ ದಿನವೂ ಎರಡನೆಯದನ್ನು ಒತ್ತುತ್ತಿದ್ದ. ಮಾರನೆಯ ಬೆಳಿಗ್ಗೆ, ಕೊಟ್ಟ ಉತ್ತರ ಕೇಳಿಸಿಯೇ ಇಲ್ಲವೆಂಬಂತೆ, ಫಲಕ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿತ್ತು.

ನಾಡಿನ ಕಾರುಗಳು ವಿದ್ಯುತ್ತಿಗೆ ತಿರುಗಿ ಆಗಲೇ ಬಹಳ ಕಾಲವಾಗಿತ್ತು. ಡೀಸೆಲ್ ಗಾಡಿಗಳು ಉಳಿದಿದ್ದರೆ ಅದು ರಾಣೆಬೆನ್ನೂರಿನಂಥ ಊರುಗಳಲ್ಲಿ, ಹೊಸದನ್ನು ಕೊಳ್ಳಲಾರದವರ ಮನೆ ಮುಂದೆ. ಊರಿನ ಪ್ರತಿ ಸರ್ಕಲ್ಲಿನಲ್ಲೂ ಮೂಗುಗಂಬಗಳು ನಿಂತಿದ್ದವು. ಹಾದುಹೋಗುವ ಗಾಡಿಯ ಹೊಗೆಯನ್ನು ಕಂಬ ಮೂಸಿ ನೋಡುತ್ತಿತ್ತು. ಮಸಿ ಹೆಚ್ಚು ಕಂಡರೆ ಇಂಜಿನ್ನಿಗೆ ತಾನೇ ಆಜ್ಞೆ ಕೊಟ್ಟು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿಬಿಡುತ್ತಿತ್ತು. ಅಂಥ ಒಂದು ಕಂಬದ ಕೆಳಗೆ ಮೈಲಾರಪ್ಪನ ಕಾರು ನಿಂತಾಗ ಹಿಂದಿನ ಸೀಟಿನಲ್ಲಿ ಹಾಲವ್ವ ಇದ್ದಳು. ದಾವಣಗೆರೆಯ ಆಸ್ಪತ್ರೆಗೆ ಹೊರಟವಳು, ಬಿಸಿಲಿನಲ್ಲಿ ಬಾಯಿ ತೆರೆದುಕೊಂಡು, ಮಗ ಕಂಬಕ್ಕೆ ಕೈಮುಗಿಯುವುದನ್ನು ನೋಡುತ್ತ ಕೂತಿದ್ದಳು.

ಆದರೂ ಮಸಿ ತಗ್ಗಿಸುವ ಆ ನವೀಕರಣಕ್ಕೆ ಮೈಲಾರಪ್ಪ ಹೂಂ ಅಂದಿರಲಿಲ್ಲ. “ಬ್ಯಾಡಗಿ ಬಸ್ಯಾನ ಗಾಡಿ ನೋಡೀಯಿಲ್ಲ? ಅಪ್‌ಡೇಟ್ ಮಾಡಿಸಿದಾಗಿಂದ ದಿಬ್ಬ ಕಂಡ್ರ ಸಾಕು, ಎಮ್ಮಿ ಕೆರಿ ಕಂಡಂಗ ಕುಂತುಬಿಡತೈತಿ,” ಅನ್ನುತ್ತಿದ್ದ.

ಹಾಲವ್ವನ ಎದೆ ಕೆಟ್ಟದ್ದು ಜಿನ್ನಿಂಗ್ ಮಿಲ್ಲಿನ ಹತ್ತಿಧೂಳಿನಿಂದ. ಎದೆ ಕೆಟ್ಟು ಹೆಂಗಸೊಬ್ಬಳು ಹೊರಬಿದ್ದರೆ ಅವಳ ಜಾಗ ಅವಳ ಮಗಳಿಗೆ ಎಂಬುದು ಆ ಮಿಲ್ಲಿನ ರೂಢಿ. ಮಾಲೀಕರು ಅದನ್ನು ದಯೆ ಎಂದು ಕರೆಯುತ್ತಿದ್ದರು. ದ್ರಾಕ್ಷಾಯಣಿ ಏಳನೆಯ ತರಗತಿಯ ಪುಸ್ತಕ ಮಡಚಿಟ್ಟು ತಾಯಿಯ ಜಾಗಕ್ಕೆ ಹೋದಳು. ಅಷ್ಟರಲ್ಲಿ ಧೂಳು ಹೀರುವ ಯಂತ್ರಗಳು ಬಂದಿದ್ದವು. ಹುಡುಗಿಯರು ಅಂಗಳದ ಗೋಡೆಯ ನೆರಳಿಗೆ ಸಾಲಾಗಿ ಕೂತು ಹತ್ತಿಯಿಂದ ಎಲೆಚೂರು ಆರಿಸುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಕೆಮ್ಮಿರಲಿಲ್ಲ.

ಡೀಲರನ ಅಂಗಡಿಯಲ್ಲಿ ನವೀಕರಣ ಮೇಳ ನಡೆದಾಗ ಅಣ್ಣನ ಜೊತೆ ಅವಳೂ ಹೋದಳು. ಕಂಪನಿಯ ವಿಜ್ಞಾನಿ ಡಾ. ಅನಿರುದ್ಧ ಪುರೋಹಿತ ಧಾರವಾಡದಿಂದ ಬಂದಿದ್ದರು. ನವೀಕರಿಸಿದ ಕಾರೊಂದನ್ನು ಶುರುಮಾಡಿ ಅದರ ಹಿಂದೆ ಬಿಳಿ ಪಂಚೆ ಹಿಡಿಸಿದ್ದರು. ಪಂಚೆ ಬಿಳಿಯದಾಗಿಯೇ ಉಳಿದಿತ್ತು.

“ಡೀಸೆಲ್ ಉರಿದ ಮ್ಯಾಲೆ ಮಸಿ ಹುಟ್ಟೇ ಹುಟ್ಟತದ್ರೀ,” ಎಂದರು ಪುರೋಹಿತರು. “ಅದನ್ನ ತಪ್ಪಸಲಿಕ್ಕೆ ಬರೂದಿಲ್ಲ. ಆದ್ರ ಹಿಡದಿಟ್ಕೊಳ್ಳಲಿಕ್ಕೆ ಬರತದ.”

ಅವರು ಬಿಡಿಸಿ ಹೇಳಿದರು. ಪ್ರತಿ ಡೀಸೆಲ್ ಕಾರಿನ ಹೊಟ್ಟೆಯಲ್ಲಿ ತಂಬಿಗೆಯಂಥ ಮಸಿಕೋಶವೊಂದಿರುತ್ತದೆ. ಇಂಜಿನ್ ಉಗುಳಿದ ಮಸಿ ಅದರಲ್ಲಿ ತುಂಬುತ್ತದೆ. ತುಂಬಿದ್ದನ್ನು ಆಗಾಗ ಸುಟ್ಟು ಹೊರಗೆ ಊದಲೇಬೇಕು, ಇಲ್ಲವಾದರೆ ಇಂಜಿನ್ನಿಗೆ ಉಸಿರುಕಟ್ಟುತ್ತದೆ. ಹಳೆಯ ತಂತ್ರಾಂಶಕ್ಕೆ ಹೊತ್ತುಗೊತ್ತು ತಿಳಿಯುತ್ತಿರಲಿಲ್ಲ, ಸಂತೆಯ ನಡುವೆಯೂ ಊದಿಬಿಡುತ್ತಿತ್ತು. ಹೊಸದಕ್ಕೆ ‘ಜನಸುಳಿವು’ ಎಂಬ ವಿದ್ಯೆ ಕಲಿಸಿದ್ದಾರೆ. ಗಾಡಿಯ ಹಿಂದೆ ಜನ ಇರುವಷ್ಟು ಹೊತ್ತು ಕೋಶ ಬಾಯಿ ಬಿಡುವುದಿಲ್ಲ. ಯಾರೂ ಇಲ್ಲದ ಕಡೆ ನಿಂತಾಗ ಮಾತ್ರ ಮಸಿಯನ್ನು ಹಿಟ್ಟಿಗಿಂತ ನುಣ್ಣಗೆ ಸುಟ್ಟು ಊದುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಬಟ್ಟೆಗೂ ಹತ್ತುವುದಿಲ್ಲ.

“ಅಂದ್ರ ತಂಬಾಕ ಹಾಕ್ಕೊಂಡಾವ ಊರಾಗ ಬಾಯಿ ಮುಚ್ಕೊಂಡು ಹೋಗಿ ಬಯಲಾಗ ಉಗುಳಿದಂಗ,” ಎಂದ ಮೈಲಾರಪ್ಪ.

“ಬರೋಬ್ಬರಿ ಹೇಳಿದ್ರಿ. ಮರ್ಯಾದಸ್ತ ಗಾಡಿ.”

“ದಿಬ್ಬ ಏರತೈತ್ರಿ?”

“ಏರತದ.”

ದ್ರಾಕ್ಷಾಯಣಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಅವಳು ಮಾತಾಡುವುದೇ ಅಪರೂಪ. “ಜನ ಅದಾರೋ ಇಲ್ಲೋ ಅಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?” ಎಂದಳು.

ಪುರೋಹಿತರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಗೊತ್ತಾಗತದವ್ವ. ಅದು ನಿನಗಿಂತ ಶಾಣೇದದ.”

ಸುತ್ತಲಿದ್ದ ಡ್ರೈವರುಗಳು ನಕ್ಕರು. ಮೈಲಾರಪ್ಪನೂ ನಕ್ಕ.

ಸಂಜೆ ಮಗ ಫಲಕದ ಮುಂದೆ ಕೂತಾಗ ಹಾಲವ್ವ ಕಟ್ಟೆಯಿಂದಲೇ ಹೇಳಿದಳು: “ನನ್ನ ಸಲುವಾಗಿ ಮಾಡಸ್ತಿದ್ರ ಬ್ಯಾಡಪಾ. ಉಂಡು ಮುಗಿದ ಎಲಿ ನಾನು. ಇನ್ನೇನ ಉಳದೈತಿ.”

“ನಿನ್ನ ಸಲುವಾಗಿ ಯಾರ ಮಾಡಸ್ತಾರ? ಗಾಡಿ ಸಲುವಾಗಿ,” ಎಂದು ಸುಳ್ಳು ಹೇಳಿ ಮೈಲಾರಪ್ಪ ‘ಹೌದು’ ಒತ್ತಿದ.

ಮರುದಿನದಿಂದ ದ್ರಾಕ್ಷಾಯಣಿಯ ಅರಿವೆಗೆ ಮಸಿ ಹತ್ತಲಿಲ್ಲ. ಕೊಳವೆಯೊಳಗೆ ಎಷ್ಟು ತಿರುವಿದರೂ ತೊಳೆದಿಟ್ಟ ಹಾಗೆಯೇ ಹೊರಬರುತ್ತಿತ್ತು. ಮೈಲಾರಪ್ಪ ಅದನ್ನು ಓಣಿಯವರಿಗೆಲ್ಲ ಬಿಚ್ಚಿ ತೋರಿಸಿದ. ಮೂಗುಗಂಬಗಳು ಅವನ ಗಾಡಿಗೆ ಹಸಿರು ದೀಪ ತೋರಿದವು. ಕಾರು ದಿಬ್ಬವನ್ನೂ ಏರಿತು.

ಹಾಲವ್ವ ಮಾತ್ರ ಇಳಿಯುತ್ತ ಹೋದಳು. ಮೊದಲು ಇರುಳಿಗಷ್ಟೇ ಇದ್ದ ಕೆಮ್ಮು ಹಗಲಿಗೂ ಬಂತು. ತುಟಿಯ ಅಂಚು ನೇರಳೆ ಬಣ್ಣಕ್ಕೆ ತಿರುಗಿತು. “ವಯಸ್ಸಾತು,” ಎಂದ ಮಗ. “ಹತ್ತಿ ತಿಂದದ್ದು ಈಗ ಕಾಯಿ ಬಿಡಾಕ ಹತ್ತೈತಿ,” ಎಂದು ಅವಳೇ ನಗಲು ಹೋಗಿ, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಕಟ್ಟೆಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

ದ್ರಾಕ್ಷಾಯಣಿ ನೋಡುತ್ತಿದ್ದಳು. ಅಮಾವಾಸ್ಯೆಯ ದಿನ ಅಣ್ಣ ಗಾಡಿ ತೆಗೆಯುತ್ತಿರಲಿಲ್ಲ. ಅಂದು ಅವ್ವ ಇಡೀ ರೊಟ್ಟಿ ತಿಂದಳು. ಉಳಿದ ದಿನ ಅರ್ಧ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು. ಕಟ್ಟೆಯ ಪಕ್ಕದ ತುಳಸಿಯಲ್ಲಿ ಕಾರಿನ ಕಡೆಗಿದ್ದ ಎಲೆಗಳಷ್ಟೇ ಸುರುಟಿಕೊಂಡಿದ್ದವು.

ಆ ಮನೆಯಲ್ಲಿ ತಂದೆಯ ಕಾಲದಿಂದ ನಡೆದುಬಂದ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಗಾಡಿಯ ಮೂತಿ ಮೂಡಣಕ್ಕಿರಬೇಕು. ಇಂಜಿನ್ ಶುರುಮಾಡಿ, ಅದು ಉರಿಯುತ್ತಿರುವಾಗಲೇ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ಅಲ್ಲಿಯವರೆಗೆ ಮನೆಯ ಮೊಬೈಲುಗಳನ್ನೆಲ್ಲ ಆರಿಸಿ ಒಳಗಿನ ಗೋಡೆಯ ಗೂಡಿನಲ್ಲಿಡಬೇಕು. ಪಾಯಖಾನೆಗೂ ಒಯ್ಯುವ ವಸ್ತುವನ್ನು ದೇವರ ಕೆಲಸಕ್ಕೆ ತರಬಾರದು ಎಂದು ತಂದೆ ಹೇಳಿದ್ದ. ಮೂತಿ ಮೂಡಣಕ್ಕಾದರೆ ಬಾಲ ಕಟ್ಟೆಯ ಕಡೆಗೆ. ಎಳೆಬಿಸಿಲು ಮೊದಲು ಬೀಳುವುದೂ ಕಟ್ಟೆಯ ಮೇಲೆಯೇ. ಹಾಲವ್ವನ ಎದೆಗೆ ಆ ಬಿಸಿಲು ಬೇಕಿತ್ತು.

ಪೂಜೆ ಅರ್ಧವಾಗುವಷ್ಟರಲ್ಲಿ ಇಂಜಿನ್ನಿನ ದನಿ ಬದಲಾಗುತ್ತಿದ್ದುದನ್ನು ದ್ರಾಕ್ಷಾಯಣಿ ಗುರುತಿಸಿದಳು. ಗುರುಗುಟ್ಟುತ್ತಿದ್ದದ್ದು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಕೊಳವೆಯ ಮುಂದೆ ಕೈಯೊಡ್ಡಿದರೆ ಒಲೆಯ ಬಾಯಿಯಷ್ಟು ಬಿಸಿ. ಹೊಗೆಯಿಲ್ಲ, ವಾಸನೆಯಿಲ್ಲ. ಗುಂಯ್ಗುಡುವುದು ನಿಂತ ಸ್ವಲ್ಪ ಹೊತ್ತಿಗೆ ಅವ್ವನ ಕೆಮ್ಮು ಶುರುವಾಗುತ್ತಿತ್ತು.

ಜನ ಇಲ್ಲದ ಕಡೆ ಊದುವುದು ಎಂದಿದ್ದರಲ್ಲ. ಇಲ್ಲಿ ಮೂರು ಜನ ಇದ್ದೇವೆ. ಗಾಡಿಯ ಕಣ್ಣಿಗೆ ಯಾಕಿಲ್ಲ? ಹತ್ತಿ ಆರಿಸುತ್ತ ಅವಳು ಅದನ್ನೇ ಯೋಚಿಸಿದಳು. ಬಜಾರಿನಲ್ಲಿ ಇಲ್ಲದ, ಬಸ್ ಸ್ಟ್ಯಾಂಡಿನಲ್ಲಿ ಇಲ್ಲದ ಗುಂಯ್ ಮನೆಯ ಮುಂದೆ ಮಾತ್ರ ಯಾಕೆ? ಅಲ್ಲಿನವರ ಹತ್ತಿರ ಇದ್ದು ಇಲ್ಲಿ ಇಲ್ಲದ್ದು ಏನು?

ಮರುದಿನ ಅವಳು ತಂದೆಯ ಮಾತು ಮೀರಿದಳು. ಮೊಬೈಲನ್ನು ಆರಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿನ ಹಿಂದೆ ಕೂತಳು. ಪೂಜೆ ಮುಗಿಯಿತು, ನಿಂಬೆಹಣ್ಣು ಒಡೆಯಿತು, ಗುಂಯ್ ಕೇಳಲಿಲ್ಲ. ಅಂದು ಹಾಲವ್ವ ರೊಟ್ಟಿ ಮುಗಿಸಿ ಇನ್ನೊಂದು ಚೂರು ಕೇಳಿದಳು.

ಅದೇ ಹಗಲು, ಮಿಲ್ಲಿನ ಅಂಗಳದಲ್ಲಿ ಕೂತಿದ್ದಾಗ, ಗೋಡೆಯ ಜಾಲಿಕಿಂಡಿಯ ಆಚೆಯಿಂದ ಬೆಳಿಗ್ಗೆ ಕೇಳಿಸದಿದ್ದ ಆ ಗುಂಯ್ ಅವಳಿಗೆ ಕೇಳಿಸಿತು. ಆ ಗೋಡೆಯ ಹೊರಗೇ ಮೈಲಾರಪ್ಪನ ಗಾಡಿ ಬಾಡಿಗೆಗೆ ಕಾಯುತ್ತ ನಿಲ್ಲುವ ಜಾಗ. ಕೊಳವೆ ಗೋಡೆಯ ಕಡೆಗಿತ್ತು. ಅವನು ಎಸಿಯ ತಂಪಿಗೆಂದು ಇಂಜಿನ್ ಆರಿಸದೆ ಒಳಗೆ ಒರಗಿಕೊಂಡಿರುತ್ತಿದ್ದ. ಗೋಡೆಯ ಈಚೆ ಸಾಲುಸಾಲು ಹುಡುಗಿಯರು. ಕಿಡಿ ಹಾರಿ ಹತ್ತಿಗೆ ಬೆಂಕಿ ಬಿದ್ದೀತೆಂದು ಅವರ ಮೊಬೈಲುಗಳನ್ನೆಲ್ಲ ಗೇಟಿನಲ್ಲೇ ಚೀಲಕ್ಕೆ ಹಾಕಿಸಿಕೊಂಡಿದ್ದರು. ಅವಳ ಪಕ್ಕದ ಹುಡುಗಿ ಮೊದಲು ಕೆಮ್ಮಿದಳು.

ಪುರೋಹಿತರು ಮತ್ತೆ ಊರಿಗೆ ಬಂದಾಗ ಅವಳು ಅಣ್ಣನನ್ನು ಕರೆದುಕೊಂಡು ಡೀಲರನ ಅಂಗಡಿಗೆ ಹೋದಳು. ಈ ಸಲ ಅವರು ಗೇಲಿ ಮಾಡಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಖರೇ ಅದ. ಜನಸುಳಿವು ಹಿಡಿಯೂದು ಮೊಬೈಲಿನ ಅಲೆನ. ಗಾಡಿಯೊಳಗಿನವರದು ಬಿಟ್ಟು, ಹಿಂದ ನಾಕು ಮಾರಿನೊಳಗ ಇದ್ದದ್ದು. ಮೊಬೈಲ್ ಇಲ್ಲದ ಮನಷ್ಯಾ ಇರತಾನ ಅಂತ ನಮ್ಮ ಆಫೀಸಿನಾಗ ಯಾರೂ ವಿಚಾರ ಮಾಡಲಿಲ್ಲ.”

“ಇರ್ತಾರ್ರಿ,” ಎಂದಳು ದ್ರಾಕ್ಷಾಯಣಿ.

“ಮುಂದಿನ ಸಲ ನೋಡ್ತೇವಿ. ಈಗ ಇದನ್ನ ತಗದ್ರ ಕಂಬ ನಿಮ್ಮ ಗಾಡಿ ಬಿಡೂದಿಲ್ಲ.” ಅವರು ಮೈಲಾರಪ್ಪನತ್ತ ತಿರುಗಿದರು. “ಇಷ್ಟಕ್ಕ ಯಾಕ ಚಿಂತಿ? ತಾಯಿಯವರ ಕೊರಳಿಗೆ ಒಂದು ಮೊಬೈಲ್ ಕಟ್ರಿ. ಮುಗೀತು.”

“ಮಿಲ್ಲಿನ ಹುಡುಗ್ಯಾರಿಗ್ರಿ?”

“ಮಿಲ್ಲಿನ ಜವಾಬ್ದಾರಿ ನಮ್ಮದಲ್ಲವ್ವ. ಎಲ್ಲೋ ಒಂದು ಕಡೆ ಊದಬೇಕಲ್ಲ.”

ಹಿಂದಿರುಗುವಾಗ ಮೈಲಾರಪ್ಪ ತಾನಾಗಿ ಮಾತು ಕೊಟ್ಟ. ದಿನಾ ಮಧ್ಯಾಹ್ನ ಕುಮದ್ವತಿ ಹೊಳೆಯ ಆಚೆ ಬಯಲಿಗೆ ಹೋಗಿ ಊದಿಸಿ ಬರುತ್ತೇನೆ, ಮಿಲ್ಲಿನ ಗೋಡೆಗೆ ನಿಲ್ಲಿಸುವುದಿಲ್ಲ ಎಂದ. ಮನೆಗೆ ಬಂದವನೇ ಹಳೆಯ ಮೊಬೈಲೊಂದನ್ನು ದಾರಕ್ಕೆ ಕಟ್ಟಿ ತಾಯಿಯ ಕೊರಳಿಗೆ ಹಾಕಿದ. ಲಿಂಗದ ಕರಡಿಗೆಯ ಪಕ್ಕದಲ್ಲಿ ಅದು ತೂಗಿತು. ಪೂಜೆಗೆ ಮೊಬೈಲ್ ತರಬಾರದೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಹಾಲವ್ವ ಚೇತರಿಸಿಕೊಂಡಳು. ತುಟಿಯ ಬಣ್ಣ ಮೊದಲಿನಂತಾಯಿತು. ಒಂದು ಇರುಳು, ಎಷ್ಟೋ ವರ್ಷಗಳ ಮೇಲೆ, ಚಾಪೆಯ ಮೇಲೆ ಬೆನ್ನು ಚಾಚಿ ಮಲಗಿ ಬೆಳಗಿನವರೆಗೂ ಗೊರಕೆ ಹೊಡೆದಳು. “ನನ್ನ ಮಗ ನನಗ ಎರಡನೇ ಜನ್ಮ ಕೊಟ್ಟ,” ಎಂದು ಓಣಿಯವರಿಗೆ ಹೇಳಿದಳು.

ಬಯಲಿಗೆ ಹೋಗುವುದು ಒಂದು ವಾರ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ದ್ರಾಕ್ಷಾಯಣಿಗೆ ಗೋಡೆಯಾಚೆಯಿಂದ ಗುಂಯ್ ಕೇಳಿಸಿತು. ಮಾರನೆಯ ದಿನವೂ ಕೇಳಿಸಿತು. ಸಂಜೆ ಅವ್ವನ ಎದುರೇ ಕೇಳಿದರೆ ಅಣ್ಣ ಮುಖ ತಿರುವಿದ. “ಹೊಳಿತನಕ ಹೋಗಿ ಬರಾಕ ಎಣ್ಣಿ ನಿಮ್ಮ ಮಿಲ್ಲಿನವರು ಹಾಕ್ತಾರೇನ? ಅಷ್ಟರಾಗ ನನ್ನ ಜಾಗಕ್ಕ ಬಸ್ಯಾ ಬಂದು ನಿಂತಿರ್ತಾನ. ನಿಂದು ಎಳೀ ಜೀವ, ತಡ್ಕೊಂತೈತಿ. ಅವ್ವಂದು ಹಂಗಲ್ಲ.”

ಅವಳು ತಡೆದುಕೊಂಡಳು. ಮಳೆಗಾಲ ಕಳೆದು ಹೊಸ ಹತ್ತಿ ಬರುವ ಹೊತ್ತಿಗೆ ಇರುಳಿನಲ್ಲಿ ಎದ್ದು ಕೂರತೊಡಗಿದಳು. ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುವಳು, ಸದ್ದಾಗದ ಹಾಗೆ.

ಆದರೂ ಹಾಲವ್ವನಿಗೆ ಎಚ್ಚರವಾಯಿತು. ಕತ್ತಲಲ್ಲಿ ಅವಳು ಬಹಳ ಹೊತ್ತು ಕಿವಿಗೊಟ್ಟಳು.

“ಇದು ನನ್ನ ಕೆಮ್ಮು,” ಎಂದಳು ಕೊನೆಗೆ.

ದ್ರಾಕ್ಷಾಯಣಿ ಅವ್ವನಿಂದ ಒಂದು ಮಾತು ಬರಬಹುದೆಂದು ಕಾದಳು. ಉಂಡು ಮುಗಿದ ಎಲೆ ನಾನು ಎಂದಿದ್ದ ಬಾಯಿ ಅದು. ಅವ್ವ ಒಂದು ಮಾತು ಹೇಳಿದರೆ ಅಣ್ಣ ಗಾಡಿಯ ಜಾಗ ಬದಲಿಸುತ್ತಿದ್ದ. ಅವ್ವ ಬೇಕೆಂದು ಕೇಳಿದ್ದನ್ನು ಅವನು ಎಂದೂ ಇಲ್ಲವೆಂದಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಅವ್ವನ ಕೈ ಕೊರಳ ದಾರದತ್ತ ಹೋದದ್ದು ಕಾಣಿಸಿತು. ಕೈ ಮೊಬೈಲನ್ನು ಮುಷ್ಟಿಯಲ್ಲಿ ಹಿಡಿಯಿತು. ಹಾಗೇ ಹಿಡಿದುಕೊಂಡು ಹಾಲವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು, ನೆಮ್ಮದಿಯ, ತುಂಬುಉಸಿರಿನ ಗೊರಕೆ.

ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ಸಾಲು ನಿಂತಿತ್ತು. ಕಾವಲಿನವನು ಚೀಲದ ಬಾಯಿ ತೆರೆದು ಹಿಡಿದಿದ್ದ. ಒಬ್ಬೊಬ್ಬಳೂ ತನ್ನ ಮೊಬೈಲನ್ನು ಅದರೊಳಗೆ ಹಾಕಿ ಒಳಗೆ ಹೋಗುತ್ತಿದ್ದಳು. ಗೋಡೆಯ ಪಕ್ಕ ಮೈಲಾರಪ್ಪನ ಕಾರು ಆಗಲೇ ಬಂದು ನಿಂತಿತ್ತು, ಕೊಳವೆ ಗೋಡೆಯ ಕಡೆಗೆ. ದ್ರಾಕ್ಷಾಯಣಿಯ ಸರದಿ ಬಂತು. ಅವಳು ಮೊಬೈಲನ್ನು ಎರಡು ಕೈಯಲ್ಲೂ ಎದೆಗೆ ಹಿಡಿದುಕೊಂಡು ಏನೋ ಹೇಳಿದಳು. ಕಾವಲಿನವನು ಅವಳ ಹಿಂದಿದ್ದವರನ್ನು ನೋಡುತ್ತ ಚೀಲವನ್ನು ಒಮ್ಮೆ ಕುಲುಕಿದ. ಹಿಂದಿದ್ದವರು ಮುಂದೆ ನೂಕಿದರು. ಅವಳು ಇನ್ನೊಮ್ಮೆ, ಈ ಸಲ ಎಲ್ಲರಿಗೂ ಕೇಳುವಂತೆ, ಹೇಳಿದಳು:

“ಅಣ್ಣಾರ, ಇದು ನನ್ನ ಹತ್ರನ ಇರಲ್ರಿ.”