ಕತ್ತಲಲ್ಲಿ ಕೂತ ಬೆಕ್ಕು

“ಬರೀ ಕಪ್ಪು ಇದೆಯಲ್ಲಮ್ಮ. ಚಿತ್ರ ಎಲ್ಲಿ?”

ಹೆಡ್‌ಮಿಸ್ ಫೋನನ್ನು ಮೂಗಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದರು. ಹಿಗ್ಗಿಸಿದಷ್ಟೂ ಕಪ್ಪೇ.

ಮೇಜಿನ ಈಚೆ ನಿಂತಿದ್ದವಳು ಪಿಟೀಲು. ಬಾಯಿ ತೆರೆದರೆ ನಿಲ್ಲಿಸದೆ ಪಿಟೀಲು ಕುಯ್ಯುತ್ತಾಳೆ ಅಂತ ಅಣ್ಣ ಇಟ್ಟ ಹೆಸರು ಅದು. ಈಗ ಐದನೇ ಕ್ಲಾಸಿನವರೆಲ್ಲ ಹಾಗೇ ಕರೆಯುತ್ತಿದ್ದರು.

ನಾಳೆ ಶಾಲೆಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ. ಡ್ರಾಯಿಂಗ್ ಮಿಸ್ ಎಲ್ಲ ಚಿತ್ರಗಳ ಫೋಟೋ ತೆಗೆದು ಹೆಡ್‌ಮಿಸ್‌ಗೆ ಕಳಿಸಿದ್ದರು. ಅವರು ಆರಿಸಿದವು ಹಾಲ್‌ಗೆ ಹೋಗಿದ್ದವು. ಉಳಿದವನ್ನು ಇಲ್ಲೇ ಹೆಡ್‌ಮಿಸ್ ರೂಮಿನ ಬೆಂಚಿನ ಮೇಲೆ ಒಟ್ಟಿದ್ದರು.

“ಬೆಕ್ಕಿದೆ ಮಿಸ್. ‘ಕರೆಂಟ್ ಹೋದಾಗ ನಮ್ಮನೆ ಬೆಕ್ಕು’ ಅಂತ ಚಿತ್ರದ ಹೆಸರು. ನಮ್ಮ ಬೆಕ್ಕೂ ಕಪ್ಪೇ.”

ಹೆಡ್‌ಮಿಸ್‌ಗೆ ನಗು ಬಂತು. “ಒಳ್ಳೆ ಜಾಣೆ ಕಣೇ ನೀನು. ಕಪ್ಪು ಬಳಿದು ಬೆಕ್ಕು ಅಂದ್ರೆ ನಂಬಬೇಕಾ?”

ಪಿಟೀಲಿನ ಮುಖ ಬಿಸಿಯಾಯಿತು. ಹಾಳೆಗೆಲ್ಲ ಕಪ್ಪು ಬಣ್ಣ ಬಳಿದು, ಒಣಗಿಸಿ, ಅದರ ಮೇಲೆ ಕಪ್ಪು ಕ್ರೇಯಾನನ್ನು ಬೆರಳು ನೋಯುವಷ್ಟು ಒತ್ತಿ ಒತ್ತಿ ಬೆಕ್ಕು ಬರೆದಿದ್ದಳು.

“ಫೋಟೋ ಬೇಡ ಮಿಸ್. ನನ್ನ ಚಿತ್ರಾನೇ ನೋಡಿ.”

“ಎರಡೂ ಒಂದೇ ಅಲ್ವೇನಮ್ಮ?”

“ಅಲ್ಲ ಮಿಸ್.”

ಬೆಂಚಿನ ಮೇಲಿಂದ ತನ್ನ ಹಾಳೆಯನ್ನು ಹುಡುಕಿ ತೆಗೆದು, ಕಿಟಕಿಯ ಪಕ್ಕದ ಗೋಡೆಗೆ ಒತ್ತಿ ಹಿಡಿದಳು. “ಅಲ್ಲಿಂದ ಕಾಣಲ್ಲ. ಎದ್ದು ಬನ್ನಿ. ಫೋನ್ ಅಲ್ಲೇ ಇರಲಿ.”

ಹೆಡ್‌ಮಿಸ್‌ಗೆ ‘ಎದ್ದು ಬನ್ನಿ’ ಅಂದವರು ಆ ಶಾಲೆಯಲ್ಲಿ ಇದುವರೆಗೆ ಯಾರೂ ಇರಲಿಲ್ಲ. ಆದರೂ ಅವರು ಎದ್ದು ಬಂದರು.

“ಇನ್ನೂ ಈ ಕಡೆ ಮಿಸ್. ಸ್ವಲ್ಪ ಬಗ್ಗಿ.”

ಹೆಡ್‌ಮಿಸ್ ಬಗ್ಗಿದರು. ಕಿಟಕಿಯ ಬೆಳಕು ಹಾಳೆಯ ಮೇಲೆ ಓರೆಯಾಗಿ ಬಿದ್ದಿತ್ತು. ಕ್ರೇಯಾನ್ ಒತ್ತಿದ ಕಡೆಯೆಲ್ಲ ಕಪ್ಪು ಮಿನುಗಿತು. ಮೊದಲು ಒಂದು ಕಿವಿ, ಆಮೇಲೆ ಬೆನ್ನು, ಕಾಲಿಗೆ ಸುತ್ತಿಕೊಂಡ ಬಾಲ, ಕೊನೆಗೆ ಎರಡು ಕಣ್ಣು.

“ಅಯ್ಯೋ, ನನ್ನನ್ನೇ ನೋಡ್ತಿದೆ,” ಎಂದರು ಮೆಲ್ಲಗೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಬೆಕ್ಕು ಮಾಯ. ಮತ್ತೆ ಮೊದಲಿನ ಜಾಗಕ್ಕೆ ಬಂದರು. ಬೆಕ್ಕು ಹಾಜರ್.

“ನಮ್ಮನೇಲೂ ಹಿಂಗೇ ಮಿಸ್. ಕರೆಂಟ್ ಹೋದ ತಕ್ಷಣ ಕಾಣಲ್ಲ. ಸುಮ್ನೆ ಕೂತಿದ್ರೆ ಆಮೇಲೆ ಕಾಣತ್ತೆ.”

“ಇದನ್ನ ಹಾಲ್‌ನಲ್ಲೂ ಕಿಟಕಿ ಪಕ್ಕಾನೇ ಹಾಕೋಣ,” ಎಂದ ಹೆಡ್‌ಮಿಸ್ ಬೆಂಚಿನ ಕಡೆ ತಿರುಗಿದರು. “ಇವನ್ನೂ ಫೋನಲ್ಲೇ ನೋಡಿ ಪಕ್ಕಕ್ಕಿಟ್ಟುಬಿಟ್ಟೆ. ಬಾ, ಹರಡೋಣ.”

ಇಬ್ಬರೂ ನೆಲದ ಮೇಲೆ ಚಿತ್ರಗಳನ್ನು ಹರಡಿದರು. ಪಿಟೀಲಿನ ಕೈಗೆ ಒಂದು ಹಳದಿ ಹಾಳೆ ಸಿಕ್ಕಿತು. ಕ್ಲಾಸಿನಲ್ಲಿ ಕೊನೇ ಬೆಂಚಿನ, ಯಾರ ಜೊತೆಗೂ ಮಾತಾಡದ ಹುಡುಗಿಯದು. ತುದಿಯಿಂದ ತುದಿಗೆ ಹಳದಿ. ‘ಇವಳಿಗೆ ಬೇರೆ ಬಣ್ಣ ಸಿಗಲಿಲ್ವಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

ಪಿಟೀಲು ಬಾಯಿ ಮುಚ್ಚಿಕೊಂಡಳು. ಹಾಳೆಯನ್ನು ಕೆಳಗಿಟ್ಟು, ಅದರ ಮುಂದೆ ಮಂಡಿಯೂರಿ ಕೂತಳು. ತಲೆಯನ್ನು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

ಊಟದ ಬೆಲ್ ಹೊಡೆಯಿತು.

“ಊಟಕ್ಕೆ ಹೋಗಲ್ವೇನೇ?” ಎಂದರು ಹೆಡ್‌ಮಿಸ್.

“ತಡೀರಿ ಮಿಸ್,” ಎಂದಳು ಪಿಟೀಲು, ಹಾಳೆಯಿಂದ ಕಣ್ಣು ಕೀಳದೆ. “ಇನ್ನೂ ನೋಡ್ತಿದೀನಿ.”