ಆರನೇ ರೈಫಲ್ಲಿನ ಹೊಳಪು

೧೯೯೭ರ ಏಪ್ರಿಲ್ ೧೪, ಸೋಮವಾರ. ಆಸ್ಟ್ರೇಲಿಯಾದ ಲಿತ್‌ಗೋ ಊರಿನ ಪೊಲೀಸ್ ಠಾಣೆಯ ಬಾಗಿಲು ತೆಗೆಯುವ ಮೊದಲೇ ಮಾಜಿ ಸೈನಿಕರ ಕ್ಲಬ್ಬಿನ ಕಾರ್ಯದರ್ಶಿ ಮರ್ವಿನ್ ಹಾಬ್ಸ್ ಚಳಿಯಲ್ಲಿ ಕೈ ಉಜ್ಜುತ್ತ ನಿಂತಿದ್ದ. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನದ ಪರೇಡಿನಲ್ಲಿ ಹಿಡಿಯುವ ಕ್ರೋಮ್ ಲೇಪದ ಆರು ರೈಫಲ್‌ಗಳಲ್ಲಿ ಒಂದು ಕಾಣೆಯಾಗಿದೆ ಎಂಬುದು ಅವನ ದೂರು. ಸಾರ್ಜೆಂಟ್ ನೊರೀನ್ ಸ್ಪ್ರೌಲ್ ಅದನ್ನು ದಾಖಲಿಸಲು ಕುಳಿತಳು.

"ಬೀಗ ಒಡೆದಿದ್ದಾರಾ?"

"ಇಲ್ಲ."

"ಕೀಲಿ ಎಲ್ಲಿಡ್ತೀರಿ?"

ಮರ್ವ್ ನೆಲ ನೋಡಿದ. "ಬೌಲ್ಸ್ ಆಟದಲ್ಲಿ ಗೆದ್ದ ಕಪ್ಪಿನೊಳಗೆ."

"ಯಾರ್ಯಾರಿಗೆ ಗೊತ್ತು?"

"ಬಿಯರ್ ಕುಡಿಯೋಕೆ ಬರೋರಿಗೆಲ್ಲ."

"ಅಂದ್ರೆ ಇಡೀ ಊರಿಗೆ," ಎಂದ ಕಾನ್‌ಸ್ಟೇಬಲ್ ಟ್ರಾಂಟರ್.

ಕ್ಲಬ್ಬಿನಲ್ಲಿ ಸ್ಥಳ ತಪಾಸಣೆ ನಡೆಯಿತು. ಕಪಾಟಿನಲ್ಲಿ ಉಳಿದ ಐದೂ ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳೆಯುತ್ತಿದ್ದವು. ಸತ್ತವರಿಗೆ ಮರ್ಯಾದೆ ಎಂದರೆ ಹೊಳಪು ಎಂದು ಈ ಊರು ಅರವತ್ತರ ದಶಕದಲ್ಲೇ ತೀರ್ಮಾನಿಸಿಬಿಟ್ಟಿತ್ತು. ಕಳ್ಳ ಮುಂದಿನದನ್ನು ಎತ್ತಿಕೊಂಡು ಹೋಗಿರಲಿಲ್ಲ. ನಡುವಿನದನ್ನು ಆರಿಸಿ, ಉಳಿದವನ್ನು ಜೋಪಾನವಾಗಿ ಸರಿಸಿಟ್ಟಿದ್ದ. ಅವನಿಗೆ ಬೇಕಿದ್ದದ್ದು ಅದೊಂದೇ.

ಮರ್ವ್ ಅದರ ನಂಬರ್ ಹೇಳಿದಾಗ ನೊರೀನ್‌ಗೆ ಹಿಂದಿನ ತಿಂಗಳ ಸಂಜೆ ನೆನಪಾಯಿತು. ಹೊಸ ಬಂದೂಕು ಕಾಯ್ದೆ ಬಂದಿದ್ದರಿಂದ, ನೋಂದಣಿಗಾಗಿ ಅವಳೇ ಇಲ್ಲಿ ನಿಂತು ಒಂದೊಂದೇ ನಂಬರನ್ನು ಗಟ್ಟಿಯಾಗಿ ಓದಿದ್ದಳು. ಇದೇ ನಂಬರ್ ಓದಿದಾಗ ಮೂಲೆಯಲ್ಲಿದ್ದ ಲೆನ್ ಗಾರ್ವಿ ಗ್ಲಾಸ್ ಕೆಳಗಿಟ್ಟು ಎದ್ದು ಹೋಗಿದ್ದ.

ಅವಳು ಅದನ್ನು ನೆನಪಿಸಿದಾಗ "ಹೌದಲ್ಲ," ಎಂದ ಮರ್ವ್. "ಲೆನ್ ಬಿಯರ್ ಅರ್ಧಕ್ಕೆ ಬಿಟ್ಟು ಎದ್ದಿದ್ದನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ."

ಲೆನ್ ನಿವೃತ್ತ. ಜೀವಮಾನವಿಡೀ ಲೋಹಕ್ಕೆ ಲೇಪ ಹಾಕುವ ಅಂಗಡಿಯಲ್ಲಿ ದುಡಿದವನು. ಲೇಪ ಹಾಕಬಲ್ಲವನು ತೆಗೆಯಲೂ ಬಲ್ಲ, ತೆಗೆಯಲು ಆಸಿಡ್ ಬೇಕು. ನೊರೀನ್ ಹಾರ್ಡ್‌ವೇರ್ ಅಂಗಡಿಯ ಗ್ಲೆನಿಸ್‌ಳನ್ನು ವಿಚಾರಿಸಿದಳು.

"ತಗೊಂಡ ಕಣಮ್ಮ, ಈಜುಕೊಳಕ್ಕೆ ಹಾಕೋ ಆಸಿಡ್, ಎರಡು ಡಬ್ಬ. 'ಈ ಚಳೀಲಿ ಈಜೋಕೆ ಹೊರಟ್ಯಾ ಮುದುಕಪ್ಪ' ಅಂತ ಕೆಣಕಿದೆ. ನಗಲೂ ಇಲ್ಲ. ಅವನ ಮನೇಲಿ ಸ್ನಾನದ ತೊಟ್ಟಿ ಬಿಟ್ರೆ ಬೇರೆ ಯಾವ ಕೊಳ ಇದೆ?"

ಬುಧವಾರ ಮಧ್ಯಾಹ್ನ ಶೋಧನಾ ವಾರಂಟ್ ಹಿಡಿದು ನೊರೀನ್ ಮತ್ತು ಟ್ರಾಂಟರ್ ಲೆನ್‌ನ ಹಿತ್ತಲಿಗೆ ಹೋದರು. ಷೆಡ್ಡಿನ ಮೋರಿಯ ಪಕ್ಕದಲ್ಲಿ ಹುಲ್ಲು ಸುಟ್ಟುಹೋಗಿ ಹಸಿರು ಕಲೆ ಹಿಡಿದಿತ್ತು. ಲೆನ್ ವಾರಂಟ್ ಓದಲಿಲ್ಲ.

"ಒಳಗೆ ಬಾ ನೊರೀನ್. ಟೀ ಆರಿಹೋಗಿದೆ."

ಮೇಜಿನ ಮೇಲೆ ಹಳೆಯ ಟವಲು ಹಾಸಿ ರೈಫಲ್ ಮಲಗಿಸಿದ್ದ. ಕ್ರೋಮ್ ಹೋಗಿತ್ತು, ಅದರಡಿಯ ನಿಕಲ್ ಕೂಡ. ಇದೇ ಊರಿನ ಕಾರ್ಖಾನೆಯಿಂದ ಹೊರಬಂದ ದಿನ ಇದ್ದಿರಬಹುದಾದ ಕಪ್ಪು ಬಣ್ಣ ಮತ್ತೆ ಬಂದಿತ್ತು. ಅದರ ಪಕ್ಕದಲ್ಲಿ ಒಂದು ಮೊಳೆ.

"ಇದು ಯಾರದ್ದು, ಲೆನ್?"

"ನಮ್ಮಣ್ಣ ಕೀತ್‌ದು. ಕೊರಿಯಾ ಯುದ್ಧಕ್ಕೆ ಹೋಗೋ ಮುಂಚೆ ರಜೆಗೆ ಬಂದವನು ವರಾಂಡದಲ್ಲಿ ಕೂರಿಸ್ಕೊಂಡು ಈ ನಂಬರ್ ಬಾಯಿಪಾಠ ಮಾಡಿಸಿದ್ದ. ಟ್ರಿಗರ್ ಸುತ್ತಿನ ಬಳೇಲಿ ನಿನ್ನ ಹೆಸರು ಗೀಚಿದ್ದೀನಿ ಕಣೋ, ನೀನೂ ನನ್ನ ಜೊತೆ ಬರ್ತಿದ್ದೀಯ, ಅಂದಿದ್ದ."

"ಅವರು ವಾಪಸ್ ಬರಲಿಲ್ಲ."

"ಹೆಣಾನೂ ಸಿಗಲಿಲ್ಲ. ಬಂದೂಕೂ ಅವನ ಜೊತೆ ಮಣ್ಣಾಯ್ತು ಅಂದ್ಕೊಂಡಿದ್ದೆ. ನೀನು ನಂಬರ್ ಓದಿದ ಮಾರನೇ ದಿನ ಅವನ ಜೊತೆಯವನಿಗೆ ಫೋನ್ ಮಾಡಿದೆ. ಅವನು ಕಾಣೆಯಾದ ದಿನ ಇದು ರಿಪೇರಿಗೆ ಹೋಗಿತ್ತಂತೆ. ಬೇರೆಯದು ಹಿಡ್ಕೊಂಡು ಗಸ್ತಿಗೆ ಹೋದನಂತೆ."

"ಕೇಳಿದ್ರೆ ಮರ್ವ್ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದ. ಯಾಕೆ ಅಂತ ಕೇಳ್ತಿದ್ದ." ಲೆನ್ ತನ್ನ ಅಂಗೈ ನೋಡಿಕೊಂಡ. "ಕ್ರೋಮ್ ಹಾಕೋ ಮುಂಚೆ ಲೋಹಾನ ಉಜ್ಜಿ ಕನ್ನಡಿ ಥರ ಮಾಡಬೇಕು. ಕ್ಲಬ್ಬಿನ ಆ ಆರನ್ನೂ ಉಜ್ಜಿದ್ದು ನಾನೇ. ನಂಬರ್ ನೋಡಬೇಕು ಅಂತ ಅನ್ನಿಸಲೇ ಇಲ್ಲ. ಒಂದರ ಬಳೇಲಿ ಮಾತ್ರ ಗೀರಿತ್ತು. ಆಳವಾದ ಗೀರು, ಎಷ್ಟು ಉಜ್ಜಿದ್ರೂ ಹೋಗ್ತಿರಲಿಲ್ಲ. ಹೋಗೋವರೆಗೂ ಒತ್ತಿ ಹಿಡಿದೆ. ಯಜಮಾನ ಬೆನ್ನು ತಟ್ಟಿದ್ದ."

ಟ್ರಾಂಟರ್ ಬರೆಯುವುದನ್ನು ನಿಲ್ಲಿಸಿದ್ದ.

"ಆಳವಾಗಿತ್ತಲ್ಲ, ತಳದಲ್ಲಿ ಒಂಚೂರಾದ್ರೂ ಉಳಿದಿರಬಹುದು ಅನ್ನೋ ಆಸೆ. ನಿನ್ನ ಕಣ್ಣು ಚೆನ್ನಾಗಿದೆ. ನೋಡು."

ನೊರೀನ್ ಟಾರ್ಚ್ ಹಿಡಿದು ನೋಡಿದಳು. ಬೆರಳಿನಿಂದ ಸವರಿದಳು. ಆ ಬಳೆ ನುಣುಪಾಗಿತ್ತು. ಸುಳ್ಳು ಹೇಳಿಬಿಡಲೇ ಎಂದುಕೊಂಡು ಟಾರ್ಚ್ ಆರಿಸಿದಳು.

"ಇಲ್ಲ, ಲೆನ್. ಏನೂ ಇಲ್ಲ."

ಅವನು ತಲೆಯಾಡಿಸಿದ. "ನಾನೇ ಬರೆದುಬಿಡೋಣ ಅಂತ ಮೊಳೆ ತಗೊಂಡೆ. ಅಣ್ಣನ ಅಕ್ಷರ ಹೇಗಿತ್ತು ಅಂತ ನೆನಪಾಗಲಿಲ್ಲ."

ಬಂದೂಕು ಕಳವಿನ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ರೈಫಲ್ಲನ್ನು ಅದೇ ಟವಲಿನಲ್ಲಿ ಸುತ್ತಿ ವಶಪಡಿಸಿಕೊಂಡರು. ಸಂಜೆ ಠಾಣೆಯಲ್ಲಿ ಟ್ರಾಂಟರ್ ವರದಿ ಮುಂದಿಟ್ಟುಕೊಂಡು ಕೇಳಿದ, "ಉದ್ದೇಶ ಏನು ಅಂತ ಬರೀಲಿ?"

"ಹೆಸರು ನೋಡೋಕೆ ಅಂತ ಬರಿ."

"ಯಾರ ಹೆಸರು?"

"ಅವನದೇ," ಎಂದಳು ನೊರೀನ್. "ಅವರಣ್ಣ ಬರೆದಿದ್ದು."