ಅರೆಗಳಿಗೆಯ ತಡ

ಇಂದ್ರಮಾಯು ಜಿಲ್ಲೆಗೆಲ್ಲ ಗಾಯಕಿ ವಾರ್ನಿತಿಯ ಮುಖ ಗೊತ್ತು. ಪೋಸ್ಟರುಗಳಲ್ಲಿ ಅವಳ ನಗು ಅಂಗಡಿ ಬಾಗಿಲಿಗಿಂತ ಅಗಲ. ಎಂಟು ವರ್ಷದಿಂದ ಅವಳ ಹಿಂದೆ ಕೂತು ಡೋಲು ಬಾರಿಸುವ ಕಸ್ಮಾದಿಗೆ ಮಾತ್ರ ಗೊತ್ತಿದ್ದದ್ದು ಅವಳ ಹಿಮ್ಮಡಿ.

ಅದು ಅವನ ಕೆಲಸ. ದಂಗ್ದುತ್ ಎಂಬ ಕುಣಿತದ ಹಾಡು ಹಾಡುವವಳು ಸೊಂಟ ತಿರುಗಿಸುವ ಮುಂಚೆ ಎಡ ಹಿಮ್ಮಡಿ ಎತ್ತುತ್ತಾಳೆ. ಅದು ನೆಲ ಮುಟ್ಟುವಾಗಲೇ ಪೆಟ್ಟು ಬೀಳಬೇಕು. ಒಂದು ಹಿಮ್ಮಡಿಯನ್ನು ಇಷ್ಟು ಶ್ರದ್ಧೆಯಿಂದ ನೋಡಿದವರು ಚಪ್ಪಲಿ ಅಂಗಡಿಯಲ್ಲೂ ಇರಲಿಕ್ಕಿಲ್ಲ.

ಇವತ್ತು ಅವನ ಕೊನೆಯ ಕಾರ್ಯಕ್ರಮ. ನಾಳೆಯಿಂದ ವಾದ್ಯಗಾರರೆಲ್ಲರ ಬದಲು ಒಂದೇ ಕೀಬೋರ್ಡ್. ಮೇಳದ ಯಜಮಾನ ದುಲೇ ಹೋದ ತಿಂಗಳೇ ಕಸ್ಮಾದಿಯ ಪೆಟ್ಟುಗಳನ್ನು ರೆಕಾರ್ಡ್ ಮಾಡಿ ಅದರೊಳಗೆ ತುಂಬಿಕೊಂಡಿದ್ದ. ಪೆಟ್ಟು ಒಳಗೆ, ಪೆಟ್ಟು ಕೊಟ್ಟವನು ಹೊರಗೆ.

ಮದುವೆ ಚಪ್ಪರದಲ್ಲಿ ಬೆಳಗ್ಗೆಯೇ ಕೀಬೋರ್ಡಿನ ಪರೀಕ್ಷೆ ನಡೆಯಿತು. ಹೊಸ ಗಾಯಕಿ ತಸ್ಮಿ ಎರಡು ಹೆಜ್ಜೆ ಹಾಕಿ ಮುಗ್ಗರಿಸಿದಳು.

“ಮಾವ, ತಿರುಗೋ ಜಾಗದಲ್ಲಿ ಪೆಟ್ಟೇ ಬರ್ತಿಲ್ಲ. ಡೋಲಿಗೇನು ಬಿಕ್ಕಳಿಕೆಯಾ?”

ದುಲೇ ಕಿವಿಗೊಟ್ಟು ಕೇಳಿದ. “ಹೌದಲ್ಲ, ಪ್ರತೀ ಸಲ ತಡ. ಏನಯ್ಯಾ ಕಸ್ಮಾದಿ, ನಿದ್ದೇಲಿ ಬಾರಿಸಿದ್ದೀಯಾ? ಇರ್ಲಿ, ಕತ್ತರಿಸಿ ಸರಿಮಾಡ್ತೀನಿ.”

ಕಸ್ಮಾದಿ ಡೋಲಿನ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ.

“ತಡೀರಿ ಮಾವ,” ಎಂದಳು ವಾರ್ನಿತಿ. “ಇನ್ನೊಂದ್ಸಲ ಹಾಕಿ.”

ಕಣ್ಣು ಮುಚ್ಚಿ ಹೆಜ್ಜೆ ಹಾಕಿದಳು. ಹಿಮ್ಮಡಿ ಇಳಿಯಿತು, ಪೆಟ್ಟು ಬಿತ್ತು. ಮತ್ತೆ ಇಳಿಯಿತು, ಮತ್ತೆ ಬಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅವಳು ಬಂದು ಡೋಲಿನೆದುರು ಕೂತಳು.

“ಯಾವಾಗಿಂದ ಈ ತಡ?”

“ಕಾರಾಂಗಂಪೆಲ್‌ನಲ್ಲಿ ಬಿದ್ದು ಕಾಲು ಉಳುಕಿಸ್ಕೊಂಡ್ಯಲ್ಲ, ಆವತ್ತಿಂದ.”

“ಮೂರು ವರ್ಷ.” ಎಡ ಹಿಮ್ಮಡಿ ಒತ್ತಿಕೊಂಡಳು. “ಕಾಲು ಪೂರ್ತಿ ವಾಸಿ ಆಗಿದೆ ಅಂದ್ಕೊಂಡಿದ್ದೆ.”

“ಆಗಿದೆ. ಒಂಚೂರು ನಿಧಾನ, ಅಷ್ಟೆ.”

“ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ರೆ ನೀನು ಅವಸರ ಮಾಡ್ತಿದ್ದೆ. ಮತ್ತೆ ಬೀಳ್ತಿದ್ದೆ.”

ಅವಳು ಅವನನ್ನೇ ನೋಡಿದಳು. ಅವನು ಅಭ್ಯಾಸಬಲದಿಂದ ಅವಳ ಪಾದ ನೋಡಿದ.

“ಮುಖ ಮೇಲಿದೆ,” ಎಂದಳು.

ಅವನು ನೋಡಿದ. ಪೋಸ್ಟರಿನ ನಗು ಅಲ್ಲಿರಲಿಲ್ಲ. ಕಾಡಿಗೆ ಒದ್ದೆಯಾಗಿತ್ತು.

“ನಾಳೆಯಿಂದ ಎಲ್ಲಿರ್ತೀಯ?”

“ಲೋಸಾರಂಗ್‌ನಲ್ಲಿ. ಅಣ್ಣನ ಉಪ್ಪಿನ ಗದ್ದೆ ಇದೆ.”

ಮಧ್ಯಾಹ್ನ ಚಪ್ಪರ ತುಂಬಿತು. ಹಾಡಿನ ಸಾಲುಗಳ ನಡುವೆ ಗಾಯಕಿ, ಅತಿಥಿಗಳು ಕಳಿಸಿದ ಚೀಟಿ ನೋಡಿ, ಅವರ ಊರು, ಹೆಸರು ಹೇಳಿ ವಂದಿಸುವುದು ಅಲ್ಲಿಯ ವಾಡಿಕೆ. ಹೆಸರು ಹೇಳದಿದ್ದರೆ ಬೀಗರೇ ಮುನಿಸಿಕೊಂಡಾರು. ಹಿಂದೆ ಕೂತ ವಾದ್ಯಗಾರರ ಹೆಸರು ಮಾತ್ರ ಯಾವ ಚೀಟಿಯಲ್ಲೂ ಇರುವುದಿಲ್ಲ.

ಕೊನೆಯ ಹಾಡಿನ ನಡುವೆ ಚೀಟಿಗಳು ಮುಗಿದವು. ವಾರ್ನಿತಿ ಜನರಿಗೆ ಬೆನ್ನು ತಿರುಗಿಸಿ ಡೋಲಿನತ್ತ ನಿಂತಳು. ಮೈಕು ಬಾಯಿಗೆ ತಂದಳು.

“ಲೋಸಾರಂಗ್ ಉಪ್ಪಿನ ಗದ್ದೆಯ ಕಸ್ಮಾದಿಯವರಿಗೆ ವಂದನೆ. ಮನೇಲಿ ಇನ್ನೊಬ್ಬರಿಗೆ ಜಾಗ ಇದೆಯಾ ಅಂತ ವಾರ್ನಿತಿ ಕೇಳ್ತಿದ್ದಾಳೆ.”

ಎಂಟು ವರ್ಷದಲ್ಲಿ ಮೊದಲ ಸಲ ಕಸ್ಮಾದಿಯ ತಾಳ ತಪ್ಪಿತು. ಕೈ ಡೋಲಿನ ಮೇಲೆ ಹಾಗೇ ನಿಂತಿತು.

ಎತ್ತಿದ ಹಿಮ್ಮಡಿಯನ್ನು ಇಳಿಸದೆ, ಅವಳು ಕಾದಳು.